ಸ್ಕೂಬಾ ಹೊಸದಾಗಿ ಕಲಿತವರಿಗೆ ಯಾವ ಬಿಸಿಡಿ ಒಳ್ಳೆಯದು? ಸೀಸದ ತೂಕ ಬೆಲ್ಟಿನಲ್ಲಿರಬೇಕೋ, ಜಾಕೆಟ್ಟಿನಲ್ಲೋ?

ಬಿಸಿಡಿ ಅಂದರೆ ಗಾಳಿ ತುಂಬಿಸಿ, ಬಿಟ್ಟು ತೇಲುವಿಕೆಯನ್ನು ಹದಕ್ಕೆ ತರುವ ಜಾಕೆಟ್. ಅದನ್ನು ಆರಿಸುವ ಮೊದಲು, ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಸರಿಮಾಡಿಕೊಳ್ಳಿ. ಹೊಸಬರು ಸುಮ್ನೆ ಜಾಸ್ತಿ ಸೀಸ ಕಟ್ಟಿಕೊಳ್ಳುತ್ತಾರೆ. ಅದನ್ನು ಸರಿದೂಗಿಸಲು ಜಾಕೆಟ್ಟಿಗೆ ಜಾಸ್ತಿ ಗಾಳಿ ಬೇಕು. ಆಳ ಬದಲಾದಂತೆಲ್ಲ ಆ ಗಾಳಿ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದೇ ಮಟ್ಟದಲ್ಲಿ ನಿಲ್ಲುವುದೇ ಕಷ್ಟವಾಗುತ್ತದೆ.

ಡೈವ್ ಮುಗಿದು ಸಿಲಿಂಡರಿನಲ್ಲಿ ಗಾಳಿಯ ಒತ್ತಡ 50 ಬಾರ್ ಉಳಿದಾಗ ಹೀಗೆ ನೋಡಿ. ಸಿಲಿಂಡರಿನ ಗಾಳಿ ಉಸಿರಾಡಲು ಕೊಡುವ ರೆಗ್ಯುಲೇಟರ್ ಬಾಯಲ್ಲೇ ಇರಲಿ. ಕಾಲು ಆಡಿಸದೆ ನೆಟ್ಟಗೆ ತೇಲುತ್ತಾ ಜಾಕೆಟ್ಟಿನ ಗಾಳಿ ಪೂರ್ತಿ ಬಿಡಿ. ಸಾಧಾರಣ ಉಸಿರು ಎಳೆದು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕಿರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ನೋಡುವುದಾದರೆ ಸುಮಾರು 2 ಕಿಲೋ ಸೇರಿಸಿಕೊಳ್ಳಿ. ಖರ್ಚಾಗುವ ಗಾಳಿಗೂ ತೂಕ ಇದೆ ಅಲ್ವಾ! ಈಜುಕೊಳದ ಲೆಕ್ಕ ನೇತ್ರಾಣಿ ದ್ವೀಪದ ಸಮುದ್ರದಲ್ಲಿ ನಡೆಯುವುದಿಲ್ಲ, ಉಪ್ಪುನೀರಿಗೆ ಇನ್ನಷ್ಟು ಸೀಸ ಬೇಕು.

ಬೆಲ್ಟ್ ಅಗ್ಗ, ಎಲ್ಲಾ ಕಡೆ ಬಾಡಿಗೆಗೂ ಸಿಗುತ್ತದೆ. ಆದರೆ ಸೊಂಟ ಸಣ್ಣಗಿದ್ದರೆ ಜಾರುತ್ತದೆ. ಜಾಕೆಟ್ಟಿನ ಜೇಬಿನಲ್ಲೇ ಸೀಸ ಇಡುವುದು ಹಾಯಾಗಿರುತ್ತದೆ, ದೋಣಿಗೆ ಎತ್ತುವಾಗ ಮಾತ್ರ ಭಾರ. ಯಾವುದಾದರೂ ಸರಿ, ಒಂದೇ ಕೈಯಲ್ಲಿ ಥಟ್ಟನೆ ಕಳಚಲು ಬರಬೇಕು.

ಬೆನ್ನ ಹಿಂದೆ ಮಾತ್ರ ಗಾಳಿ ತುಂಬುವ ಬಿಸಿಡಿ ನೀರಿನೊಳಗೆ ಚೆನ್ನ. ಆದರೆ ಮೇಲೆ ಬಂದಾಗ ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಹೊಸಬರಿಗೆ ಸಾಮಾನ್ಯ ಜಾಕೆಟ್ ಮಾದರಿಯೇ ಸಾಕು ಅನ್ನುತ್ತೇನೆ. ಕೊಳ್ಳುವ ಮುಂಚೆ ಹಾಕಿಕೊಂಡು ಪೂರ್ತಿ ಗಾಳಿ ತುಂಬಿಸಿ ನೋಡಿ. ಉಸಿರಾಡಲು ಎದೆ ಬಿಗಿಯುತ್ತಿದ್ದರೆ ಆ ಸೈಜ್ ಬೇಡ.