96 ಗಂಟೆ ಸಾಲ್ಟ್ ಸ್ಪ್ರೇ ಟೆಸ್ಟ್ ಪಾಸಾದ ಬೋಲ್ಟ್ ಹೊರಗಡೆ ಎಷ್ಟು ವರ್ಷ ಬಾಳುತ್ತದೆ?

ನೀವು ಕೇಳಿರುವುದು ಇಷ್ಟು: 8 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಜಿಂಕ್ ಪ್ಲೇಟಿಂಗ್ ಇರುವ ಬೋಲ್ಟಿಗೆ ಒಬ್ಬರು '96 ಗಂಟೆ ಪಾಸ್' ಎಂದು ರಿಪೋರ್ಟ್ ಕೊಟ್ಟಿದ್ದಾರೆ, ಇನ್ನೊಬ್ಬರು 240 ಗಂಟೆ ಅನ್ನುತ್ತಿದ್ದಾರೆ. 24 ಗಂಟೆ ಅಂದರೆ ಒಂದು ವರ್ಷ ಎಂದು ಯಾರೋ ಹೇಳಿದ ಲೆಕ್ಕ ಸರಿಯೇ?

ಸರಿಯಲ್ಲ. ಗಂಟೆಯನ್ನು ವರ್ಷಕ್ಕೆ ಬದಲಾಯಿಸುವ ಸೂತ್ರವೇ ಇಲ್ಲ. ಸಾಲ್ಟ್ ಸ್ಪ್ರೇ ಟೆಸ್ಟ್ ಅಂದರೆ ಮುಚ್ಚಿದ ಚೇಂಬರಿನಲ್ಲಿ ಭಾಗವನ್ನು ಉಪ್ಪುನೀರಿನ ಮಂಜಿನಲ್ಲಿಟ್ಟು, ಎಷ್ಟು ಗಂಟೆಗೆ ತುಕ್ಕು ಬರುತ್ತದೆ ಎಂದು ನೋಡುವುದು. ಪ್ಲೇಟಿಂಗ್, ಪೇಂಟ್ ಆದ ಭಾಗಗಳನ್ನು ಆ ಚೇಂಬರಿಗೆ ಹಾಕಿ ತೆಗೆಯುವುದೇ ನನ್ನ ಕೆಲಸ, ಈ ಪ್ರಶ್ನೆ ಪದೇ ಪದೇ ಬರುತ್ತದೆ. ಈ ಟೆಸ್ಟಿನ ಹಳೆಯ ಸ್ಟ್ಯಾಂಡರ್ಡ್ ಎಎಸ್‌ಟಿಎಂ ಬಿ117, 1939ರಲ್ಲಿ ಬಂದದ್ದು. ಬರೀ ಈ ಟೆಸ್ಟಿನ ಫಲಿತಾಂಶ ನಿಜವಾದ ವಾತಾವರಣದ ಜೊತೆ ತಾಳೆಯಾಗುವುದು ಅಪರೂಪ ಎಂದು ಅದರಲ್ಲೇ ಬರೆದಿದೆ. ರಿಪೋರ್ಟ್ ಕೈಗೆ ಬಂದಾಗ ಆ ಸಾಲನ್ನು ಯಾರೂ ಓದುವುದಿಲ್ಲ, ಅಷ್ಟೆ.

ಒಳಗೆ ಏನಾಗುತ್ತದೆ ನೋಡಿ. ಶೇ. 5ರ ಉಪ್ಪುನೀರನ್ನು ಗಾಳಿಯ ಒತ್ತಡದಲ್ಲಿ ಮಂಜಿನ ಹಾಗೆ ಮಾಡಿ ಚೇಂಬರ್ ತುಂಬ ಹರಡುತ್ತಾರೆ. ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು ಶೇ. 3.5 ಮಾತ್ರ. ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್, ಪಿಎಚ್ 6.5ರಿಂದ 7.2. ಒಳಗಿಟ್ಟ ಫನೆಲ್‌ಗಳಲ್ಲಿ 80 ಚದರ ಸೆಂಟಿಮೀಟರ್ ಜಾಗಕ್ಕೆ ಗಂಟೆಗೆ 1ರಿಂದ 2 ಮಿಲಿಲೀಟರ್ ನೀರು ಸೇರಬೇಕು. ಮಂಜು ನಿಲ್ಲುವುದೇ ಇಲ್ಲ. ಮಾದರಿ ಹಗಲೂ ರಾತ್ರಿ ಒದ್ದೆಯಾಗಿಯೇ ಇರುತ್ತದೆ, ಬಿಸಿಲು ಕಾಣುವುದಿಲ್ಲ, ಒಣಗುವುದಿಲ್ಲ.

ಈ ಒಣಗದೇ ಇರುವುದೇ ದೊಡ್ಡ ತೊಡಕು. ಹೊರಗಡೆ ಜಿಂಕ್ ಒದ್ದೆಯಾಗುತ್ತದೆ, ಒಣಗುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಒಂದು ತೆಳು ಕಾರ್ಬೊನೇಟ್ ಪದರ ಕಟ್ಟಿಕೊಳ್ಳುತ್ತದೆ. ಜಿಂಕ್ ವರ್ಷಗಟ್ಟಲೆ ಬಾಳುವುದು ಆ ಪದರದಿಂದ. ಚೇಂಬರಿನಲ್ಲಿ ಅದು ಕಟ್ಟಿಕೊಳ್ಳಲು ಸಮಯವೇ ಸಿಗುವುದಿಲ್ಲ. ಅದಕ್ಕೇ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ, ಅಂದರೆ ಕರಗಿದ ಜಿಂಕಿನಲ್ಲಿ ಅದ್ದಿ ತೆಗೆದ ಉಕ್ಕು ಚೇಂಬರಿನಲ್ಲಿ ಬೇಗ ಬೆಳ್ಳಗಾಗಿ ಕೆಟ್ಟದಾಗಿ ಕಾಣುತ್ತದೆ, ಹೊರಗೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಪೇಂಟಿನ ಕಥೆ ಇದಕ್ಕೆ ಉಲ್ಟಾ. ಬಿಸಿಲಿನ ಅತಿನೇರಳೆ ಕಿರಣ ಇಲ್ಲದ್ದರಿಂದ, ಹೊರಗೆ ಪುಡಿಪುಡಿಯಾಗುವ ಪೇಂಟೂ ಇಲ್ಲಿ ಸಲೀಸಾಗಿ ಪಾಸಾಗಬಹುದು.

ಹಾಗಾದರೆ ಈ ಟೆಸ್ಟ್ ಯಾಕೆ ಬೇಕು? ಒಂದೇ ಬಗೆಯ ಲೇಪನದ ಒಂದು ಬ್ಯಾಚನ್ನು ಇನ್ನೊಂದರ ಜೊತೆ ಹೋಲಿಸಲು ಬೇಕು. ಕಳೆದ ತಿಂಗಳ ಬೋಲ್ಟ್ 96 ಗಂಟೆ ನಿಂತು, ಈ ತಿಂಗಳದ್ದು 40ಕ್ಕೇ ಬಿಳಿಯಾದರೆ, ಪ್ಲೇಟಿಂಗ್ ಲೈನಿನಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಎಂದು ತಿಳಿಯುತ್ತದೆ. ಆ ಕೆಲಸಕ್ಕೆ ಇದು ನಿಜಕ್ಕೂ ಒಳ್ಳೆಯದು. ಜಿಂಕನ್ನು ಪೇಂಟಿನ ಜೊತೆ ಗಂಟೆಯಲ್ಲಿ ಹೋಲಿಸುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ.

ಈಗ ನಿಮ್ಮ 96 ಮತ್ತು 240. ಮೊದಲು ಕೇಳಬೇಕಾದದ್ದು: ಯಾವ ತುಕ್ಕಿಗೆ? ಬಿಳಿ ತುಕ್ಕು ಅಂದರೆ ಜಿಂಕ್ ಸವೆಯಲು ಶುರುವಾಗಿದೆ. ಕೆಂಪು ತುಕ್ಕು ಅಂದರೆ ಜಿಂಕ್ ಮುಗಿದು ಉಕ್ಕೇ ಬಯಲಾಗಿದೆ. ಬಿಳಿ ತುಕ್ಕಿನ ಗಂಟೆ ಮುಖ್ಯವಾಗಿ ಪ್ಯಾಸಿವೇಶನ್ (ಜಿಂಕಿನ ಮೇಲೆ ರಾಸಾಯನಿಕದಿಂದ ಕಟ್ಟಿಸುವ ತೆಳು ರಕ್ಷಣೆಯ ಪದರ) ಮತ್ತು ಅದರ ಮೇಲೆ ಬಳಿಯುವ ಸೀಲರ್ ಮೇಲೆ ನಿಂತಿದೆ, ಕೆಂಪು ತುಕ್ಕಿನದು ಜಿಂಕಿನ ದಪ್ಪದ ಮೇಲೂ ನಿಂತಿದೆ. ಹಾಗಾಗಿ 240 ಗಂಟೆಯವರು ಅದೇ 8 ಮೈಕ್ರಾನ್ ಜಿಂಕಿನ ಮೇಲೆ ಬರೀ ಸೀಲರ್ ಹೊಡೆದಿರಬಹುದು. ಅಥವಾ ಒಬ್ಬರದು ಬಿಳಿ, ಇನ್ನೊಬ್ಬರದು ಕೆಂಪು ತುಕ್ಕಿನ ಲೆಕ್ಕ ಇರಬಹುದು! ಇದನ್ನು ಬರೆಯದೆ ಸುಮ್ನೆ 'ಪಾಸ್' ಅಂತ ಇದ್ದರೆ ಆ ರಿಪೋರ್ಟಿಗೆ ನಾನು ಬೆಲೆ ಕೊಡುವುದಿಲ್ಲ.

ಇನ್ನೊಂದು ಗಲಾಟೆ ಹೆಸರಿನದು. ಇದೇ ಟೆಸ್ಟಿನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್ಒ 9227ರಲ್ಲಿ ಮೂರು ಬಗೆ ಇವೆ: ಮಾಮೂಲಿ ಎನ್‌ಎಸ್‌ಎಸ್, ಅಸಿಟಿಕ್ ಆಮ್ಲ ಸೇರಿಸಿದ ಎಎಎಸ್‌ಎಸ್, ತಾಮ್ರದ ಕ್ಲೋರೈಡೂ ಸೇರಿಸಿ 50 ಡಿಗ್ರಿಯಲ್ಲಿ ನಡೆಸುವ ಸಿಎಎಸ್‌ಎಸ್. ಕೊನೆಯದು ಬಹಳ ಕಠಿಣ, ನಿಕ್ಕಲ್-ಕ್ರೋಮ್ ಲೇಪನಕ್ಕೆ ಬಳಸುತ್ತಾರೆ. ನಿಮ್ಮ ಬೋಲ್ಟಿಗೆ ಎನ್‌ಎಸ್‌ಎಸ್ ಸಾಕು. ಮಾದರಿ ಇಟ್ಟ ಕೋನ, ಮೇಲಿನದರ ಹನಿ ಕೆಳಗಿನದಕ್ಕೆ ಬಿತ್ತೇ, ಕೈಬೆವರು ಅಂಟಿತ್ತೇ, ಎಲ್ಲವೂ ಫಲಿತಾಂಶ ಬದಲಿಸುತ್ತವೆ. ಎರಡು ಲ್ಯಾಬಿನ ಸಂಖ್ಯೆ ಬೇರೆ ಬಂದರೆ ತಕ್ಷಣ ಮೋಸ ಎನ್ನಬೇಡಿ. ಚೇಂಬರ್ ಸರಿಯಿದೆಯೇ ಎಂದು ತಿಳಿಯಲು ಉಕ್ಕಿನ ತಗಡು ಇಟ್ಟು ತೂಕ ನೋಡುವ ಪದ್ಧತಿ ಇದೆ. ಎನ್‌ಎಸ್‌ಎಸ್‌ನಲ್ಲಿ 48 ಗಂಟೆಗೆ ಚದರ ಮೀಟರಿಗೆ ಸುಮಾರು 70 ಗ್ರಾಂ ಕರಗಬೇಕು, 20 ಗ್ರಾಂ ಆಚೀಚೆ ಆದರೂ ಸರಿ. ಆ ದಾಖಲೆ ಕೇಳಿ ನೋಡಿ, ಒಳ್ಳೆಯ ಲ್ಯಾಬ್ ತೋರಿಸುತ್ತದೆ.

ವರ್ಷ ಬೇಕೇ ಬೇಕು ಅಂದರೆ ಚೇಂಬರ್ ಬಿಟ್ಟು ದಪ್ಪದ ದಾರಿ ಹಿಡಿಯಿರಿ. ಐಎಸ್ಒ 9223 ಎಂಬ ಇನ್ನೊಂದು ಸ್ಟ್ಯಾಂಡರ್ಡ್ ವಾತಾವರಣವನ್ನು ದರ್ಜೆಗಳಾಗಿ ವಿಂಗಡಿಸಿ, ಮೊದಲ ವರ್ಷ ಜಿಂಕ್ ಎಷ್ಟು ಸವೆಯುತ್ತದೆ ಎಂದು ಕೊಡುತ್ತದೆ. ಮಧ್ಯಮ ದರ್ಜೆ ಸಿ3ರಲ್ಲಿ 0.7ರಿಂದ 2.1 ಮೈಕ್ರಾನ್, ಬಹಳ ಉಗ್ರವಾದ ಸಿ5ರಲ್ಲಿ 4.2ರಿಂದ 8.4 ಮೈಕ್ರಾನ್. ಅದೇ ವೇಗದಲ್ಲಿ ಸವೆಯುತ್ತಾ ಹೋಯಿತು ಎಂದಿಟ್ಟುಕೊಂಡರೆ, ನಿಮ್ಮ 8 ಮೈಕ್ರಾನ್ ಸಿ3ರಲ್ಲಿ ಸುಮಾರು 4ರಿಂದ 11 ವರ್ಷ ಬರಬಹುದು. ಉಪ್ಪುಗಾಳಿಯ ಸಿ5ರಲ್ಲಿ ಎರಡು ವರ್ಷವೂ ಕಷ್ಟ. ಇದು ಒರಟು ಲೆಕ್ಕವೇ, ಆದರೂ 24 ಗಂಟೆಯ ಸೂತ್ರಕ್ಕಿಂತ ಎಷ್ಟೋ ವಾಸಿ ಅಲ್ವಾ?

ಸಿ5 ಜಾಗವಾದರೆ 96ಕ್ಕೂ 240ಕ್ಕೂ ಹಗ್ಗಜಗ್ಗಾಟ ಬೇಡ, ಹಾಟ್ ಡಿಪ್ ಬೋಲ್ಟೇ ತೆಗೆದುಕೊಳ್ಳಿ. ಅದರ ಪದರ ತುಂಬಾ ದಪ್ಪ ಇರುವುದರಿಂದ ನಟ್ಟಿನ ಥ್ರೆಡ್ಡನ್ನು ಸ್ವಲ್ಪ ದೊಡ್ಡದು ಮಾಡಬೇಕು, ಆರ್ಡರ್ ಕೊಡುವಾಗ ಹೇಳಿ. ಸಿ3 ಆದರೆ ಇಬ್ಬರಿಂದಲೂ ದಪ್ಪದ ಅಳತೆ ಮತ್ತು ಕೆಂಪು ತುಕ್ಕಿನ ಗಂಟೆ ತರಿಸಿ ನೋಡಿ. ಬೋಲ್ಟ್ ಸ್ಟೇನ್‌ಲೆಸ್ ತಗಡಿನ ಮೇಲೆ ಕೂರುತ್ತದೆಯೋ, ಮಾಮೂಲಿ ಉಕ್ಕಿನ ಮೇಲೋ, ಅದನ್ನೂ ಕಾಮೆಂಟಿನಲ್ಲಿ ತಿಳಿಸಿ. ದೊಡ್ಡ ಸ್ಟೇನ್‌ಲೆಸ್ ತಗಡಾದರೆ ಜಿಂಕ್ ಇನ್ನೂ ಜಾಸ್ತಿ ಬೇಗ ಕರಗುತ್ತದೆ, ಮೇಲಿನ ಲೆಕ್ಕ ನಡೆಯುವುದಿಲ್ಲ.