ಕೆರಿಬಿಯನ್‌ನಲ್ಲಿ ಸ್ನಾರ್ಕ್ಲಿಂಗ್ (ನೀರಿನ ಮೇಲೆ ತೇಲುತ್ತಾ ಅಡಿಯ ಹವಳ, ಮೀನು ನೋಡೋದು) ಮಾಡೋಕೆ ಕಡಲ ದಡದ ಹೋಟೆಲ್ ಆರಿಸುವುದು ಹೇಗೆ?

ರೂಮು ಆಮೇಲೆ ನೋಡಿ. ಮೊದಲು ಹೋಟೆಲ್ ದ್ವೀಪದ ಯಾವ ದಿಕ್ಕಿನಲ್ಲಿದೆ ನೋಡಿ. ಸಾಮಾನ್ಯವಾಗಿ ಪಶ್ಚಿಮ ತೀರವೇ ಒಳ್ಳೆಯದು.

ಕಾರಣ ಗಾಳಿ. ಅಲ್ಲಿ ವರ್ಷದ ಬಹುಪಾಲು ಗಾಳಿ ಪೂರ್ವದ ಕಡೆಯಿಂದಲೇ ಬೀಸುತ್ತದೆ. ಅಲೆಗಳು ಪೂರ್ವ ತೀರಕ್ಕೆ ಬಡಿದು ನೀರು ಕದಡುತ್ತದೆ. ಪಶ್ಚಿಮ ತೀರಕ್ಕೆ ದ್ವೀಪವೇ ಅಡ್ಡ ನಿಂತಿರುತ್ತದೆ, ಹಾಗಾಗಿ ನೀರು ಶಾಂತ, ತಿಳಿ. ಬಾರ್ಬಡೋಸ್‌ನಲ್ಲಿ ಪೂರ್ವದ ಬಾತ್‌ಶೀಬಾ ಸರ್ಫಿಂಗ್ ಮಾಡುವವರ ಜಾಗ. ಪಶ್ಚಿಮದ ಹೋಲ್‌ಟೌನ್ ಕಡೆ ಮಾಸ್ಕ್, ಉಸಿರುಕೊಳವೆ ಹಾಕಿಕೊಂಡು ಆರಾಮಾಗಿ ತೇಲಬಹುದು.

ಇನ್ನು, ಜಾಹೀರಾತಿನ 'ಓಷನ್‌ಫ್ರಂಟ್' ಅನ್ನೋ ಪದ ನಂಬಿ ಸುಮ್ನೆ ದುಡ್ಡು ಕೊಡಬೇಡಿ. ಎದುರಿಗೆ ಕಡಲಿದೆ ಎಂದಷ್ಟೇ ಅದರರ್ಥ, ಹವಳ ಇದೆ ಎಂದಲ್ಲ. ಫೋಟೋದಲ್ಲಿ ಉದ್ದಕ್ಕೂ ಬಿಳಿ ಮರಳು ಚೆಂದ ಕಾಣುತ್ತದೆ. ಆದರೆ ನೀರಿನಡಿಯೂ ಬರೀ ಮರಳೇ ಆದರೆ ಮೀನು ಕಡಿಮೆ. ಅವಕ್ಕೂ ಅಡಗೋಕೆ, ತಿನ್ನೋಕೆ ಹವಳ, ಬಂಡೆ ಬೇಕಲ್ವಾ?

ನನ್ನನ್ನು ಕೇಳಿದರೆ ಬೊನೇರ್ ದ್ವೀಪದ ಪಶ್ಚಿಮ ತೀರ. ಅಲ್ಲಿ ಹವಳ ದಡದಿಂದಲೇ ಈಜಿ ತಲುಪುವಷ್ಟು ಹತ್ತಿರ, ದೋಣಿಯ ಖರ್ಚಿಲ್ಲ. ಸುತ್ತಲಿನ ಕಡಲು 1979ರಿಂದ ಸಂರಕ್ಷಿತ. ಚಂಡಮಾರುತಗಳ ಮಾಮೂಲಿ ದಾರಿಯಿಂದಲೂ ದಕ್ಷಿಣಕ್ಕಿದೆ. ಮರಳಿನ ಬೀಚ್ ಮಾತ್ರ ಕಡಿಮೆ, ದಡದಲ್ಲಿ ಚೂಪು ಕಲ್ಲೇ ಜಾಸ್ತಿ. ಆದ್ದರಿಂದ ನೀರಿಗಿಳಿಯಲು ಏಣಿಯೋ ಕಟ್ಟೆಯೋ ಇದೆಯಾ ಅಂತ ಬುಕ್ ಮಾಡುವ ಮೊದಲೇ ಹೋಟೆಲಿನವರನ್ನು ಕೇಳಿ. ಜೊತೆಗೆ ಮಕ್ಕಳೋ ವಯಸ್ಸಾದವರೋ ಇದ್ದರೆ ಇದನ್ನು ಕೇಳದೆ ಬುಕ್ ಮಾಡಲೇಬೇಡಿ.