ತಡೆತಡೆದು ಬರೆಯುವ ಹೊಸ ಪೆನ್ನು, ಮಳೆಗಾಲದಲ್ಲಿ ಹರಡುವ ಶಾಯಿ

ಹೊಸ ಫೌಂಟನ್ ಪೆನ್ನು ಎರಡು ಸಾಲಿಗೊಮ್ಮೆ ತಡೆಯುತ್ತದೆ, ಈ ಮಳೆಯಲ್ಲಿ ಅಕ್ಷರವೂ ಹರಡುತ್ತದೆ ಅಂತ ಕೇಳಿದ್ದಿರಲ್ಲ, ಅದು ಚೀನಾ ಪೆನ್ನಾದರೆ ಬಹುಶಃ ನಿಬ್ಬಿಗೆ ಶಾಯಿ ಹರಿಸುವ ಫೀಡ್‌ನಲ್ಲಿ ತಯಾರಿಕೆಯ ಎಣ್ಣೆಯಂಶ ಉಳಿದಿದೆ. ಅಂಗಡಿಗೆ ವಾಪಸ್ ಕೊಡಬೇಡಿ, ಮೊದಲು ತೊಳೆಯಿರಿ.

ಶಾಯಿ ಖಾಲಿ ಮಾಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ತೊಟ್ಟು ಹಾಕಿ, ಕನ್ವರ್ಟರ್ (ಪೆನ್ನಿನೊಳಗೆ ಶಾಯಿ ಎಳೆದುಕೊಳ್ಳುವ ಪುಟ್ಟ ಕೊಳವೆ) ತಿರುಗಿಸುತ್ತ ಆ ನೀರನ್ನು ಹತ್ತು ಸಲ ಎಳೆದು ಬಿಡಿ. ಆಮೇಲೆ ನೊರೆ ಹೋಗುವ ತನಕ ಬರೀ ನೀರು. ನಿಬ್ಬು ಕೆಳಗೆ ಮಾಡಿ ಹಳೇ ಬಟ್ಟೆಯ ಮೇಲೆ ರಾತ್ರಿಯಿಡೀ ನಿಲ್ಲಿಸಿ. ತೀರ್ಥಹಳ್ಳಿಯ ಈ ಮಳೆಗೆ ಎರಡು ದಿನವೇ ಹಿಡಿದೀತು. ಬೇಗ ಒಣಗಲಿ ಅಂತ ಬಚ್ಚಲೊಲೆ ಪಕ್ಕ ಇಟ್ಟು ನಾನೊಂದು ಮುಚ್ಚಳ ಸೊಟ್ಟ ಮಾಡಿಕೊಂಡಿದ್ದೇನೆ, ಆ ಕೆಲಸ ಬೇಡ.

ಆಗಲೂ ತಡೆದರೆ ನಿಬ್ಬಿನ ಸೀಳಿನ ಎರಡು ಬದಿಯ ತುದಿ ಏರುಪೇರಾಗಿರಬಹುದು, ನೋಡದೆ ಖಂಡಿತ ಹೇಳಲಾರೆ. ಭೂತಗನ್ನಡಿಯಲ್ಲಿ ನೋಡಿ, ಮೇಲೆದ್ದದ್ದನ್ನು ಉಗುರಿನಿಂದ ಹಗುರಾಗಿ ಒತ್ತಿ.

ಅಕ್ಷರ ಹರಡುವುದು ಪೆನ್ನಿನ ತಪ್ಪಲ್ಲ. ಆಷಾಢದಲ್ಲಿ ನಮ್ಮ ಕಡೆ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಕಾಗದ! ನೋಟ್‌ಬುಕ್ ಅನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ, ಫೈನ್ ನಿಬ್ಬು ಬಳಸಿ. ಚಿತ್ರ ಬಿಡಿಸುವ ಇಂಡಿಯನ್ ಇಂಕ್ ಮಾತ್ರ ತುಂಬಬೇಡಿ, ಒಳಗೇ ಗಟ್ಟಿಯಾಗಿ ಕೂರುತ್ತದೆ. ಕ್ಯಾಮ್ಲಿನ್‌ನ ಮಾಮೂಲಿ ನೀಲಿ ಶಾಯಿ ಸಾಕು.